ಅಕ್ಕನ ಕೈಮಾತು, ನಮ್ಮೂರ ನೆಟ್

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅದರಿಂದ ಮಾತೂ ಬರಲಿಲ್ಲ. ಅವಳ ಕಂಕುಳಲ್ಲೇ ಬೆಳೆದ ತಂಗಿ ನಾನು. ಬಾಯಿಂದ ಮಾತು ಕಲಿಯುವ ಮೊದಲೇ ನಾನು ಅವಳ ಕೈಯಿಂದ ಕಲಿತೆನೆಂದು ಅವ್ವ ಹೇಳುತ್ತಿದ್ದಳು. ಅಂಥ ಮಕ್ಕಳಿಗೆ ಬೇರೆ ಶಾಲೆ ಇದೆಯೆಂದು ನಮ್ಮ ಅಪ್ಪನಿಗೆ ಗೊತ್ತಾಗುವ ಹೊತ್ತಿಗೆ ಅಕ್ಕ ಸೀರೆ ಉಡುವಷ್ಟು ದೊಡ್ಡವಳಾಗಿದ್ದಳು. ಹಾಗಾಗಿ ನಾವಿಬ್ಬರು ಆಡುವುದು ಯಾವ ಶಾಲೆಯಲ್ಲೂ ಕಲಿಸುವ ಕೈಭಾಷೆಯಲ್ಲ. ಒಲೆಯ ಮುಂದೆ, ಹಿತ್ತಲಲ್ಲಿ, ಹೊಲದ ಬದುವಿನ ಮೇಲೆ ಕೂತು ನಾವೇ ಮಾಡಿಕೊಂಡದ್ದು.

ಮೂಗಿನ ಪಕ್ಕಕ್ಕೆ ಬೆರಳಿಟ್ಟರೆ ಅವ್ವ, ಅವಳ ಮೂಗುತಿಯಿಂದಾಗಿ. ತಲೆಯ ಸುತ್ತ ಬೆರಳು ತಿರುಗಿಸಿದರೆ ಅಪ್ಪ, ರುಮಾಲಿನಿಂದಾಗಿ. ಎಡ ಅಂಗೈಯನ್ನು ಎದೆಯ ಮುಂದೆ ಹಿಡಿದು ಅದನ್ನೇ ನೋಡುತ್ತ ಕೂತರೆ ದೇವರು. ಮುಂಜಾನೆ ಅಪ್ಪ ಲಿಂಗಪೂಜೆಗೆ ಕೂತಾಗ ಅವಳು ಕಂಡದ್ದು ಅಷ್ಟೇ. ಕಿವಿಯ ತುದಿ ಜಗ್ಗಿದರೆ ನಾನು. ಸಣ್ಣವಳಿದ್ದಾಗ ಅವಳ ಲಂಗದ ದಾರಕ್ಕೆ ಓಲೆ ಸಿಕ್ಕು ನನ್ನ ಕಿವಿ ಹರಿದಿತ್ತು. ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು ನನಗೆ ಬೇರೆಯೇ ಇದೆ. ಆದರೆ ಒಳಗಿನಿಂದ ನನ್ನ ಹೆಸರು ಯಾವುದೆಂದು ಕೇಳಿದರೆ ನನ್ನ ಕೈ ಕಿವಿಗೇ ಹೋಗುತ್ತದೆ.

ಅವ್ವ ಹೋದ ಮೇಲೆ ಈ ಭಾಷೆ ಬಲ್ಲವರು ನಾವಿಬ್ಬರೇ ಉಳಿದೆವು. ಅಕ್ಕನನ್ನು ಕೊಟ್ಟದ್ದು ಸೋಲಾಪುರದ ಆಚೆಯ ಒಂದು ಹಳ್ಳಿಗೆ, ಹೆಂಡತಿ ತೀರಿಕೊಂಡಿದ್ದ ಒಬ್ಬ ರೈತನಿಗೆ. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಒಳ್ಳೆಯ ಮನುಷ್ಯ. ಅರ್ಧ ಮರಾಠಿ, ಅರ್ಧ ಕನ್ನಡ. ಅಕ್ಕನ ಮೇಲೆ ಎಂದೂ ಕೈ ಎತ್ತಿದವರಲ್ಲ. ಆದರೆ ಉಣ್ಣು, ಬಾ, ಮಲಗು ಇಷ್ಟು ಬಿಟ್ಟರೆ ಅವರಿಗೆ ಅವಳ ಮಾತು ಬರುತ್ತಿರಲಿಲ್ಲ. ಬರಬೇಕೆಂದು ಅವರಿಗೂ ಅನಿಸಿರಲಿಲ್ಲ, ಅವಳೂ ಕಲಿಸಲು ಹೋಗಲಿಲ್ಲ. ಅವಳಿಗೆ ಓದು ಬಾರದು, ಕಾಗದ ಬರೆಯುವಂತಿಲ್ಲ. ಫೋನು ಬಂದ ಮೇಲೂ ಅವಳಿಗೆ ಅದರಿಂದ ಪ್ರಯೋಜನವಿರಲಿಲ್ಲ. ವರ್ಷಕ್ಕೊಮ್ಮೆ, ನಾಗರಪಂಚಮಿಗೆ ತವರಿಗೆ ಬಂದಾಗ, ಇಡೀ ವರ್ಷದ ಮಾತನ್ನು ಅವಳು ನನ್ನ ಮುಂದೆ ಸುರಿಯುತ್ತಿದ್ದಳು. ಕೈ ನೋಯುವಷ್ಟು ಮಾತಾಡುತ್ತಿದ್ದೆವು.

ಆಮೇಲೆ ಫೋನಿನಲ್ಲಿ ಮುಖ ಕಾಣುವ ಕಾಲ ಬಂತು. ಮಾಮಾ ಅಂಥದೊಂದು ಫೋನು ಕೊಂಡರು. ಅವರ ಊರಲ್ಲಿ ಸಿಗ್ನಲ್ಲಿಗೆ ತೊಂದರೆಯಿರಲಿಲ್ಲ. ತೊಂದರೆ ನಮ್ಮದು. ನಾನು ಸೊಸೆಯಾಗಿ ಬಂದದ್ದು ಕುಂದಗೋಳ ತಾಲೂಕಿನ ಸಣ್ಣ ಊರಿಗೆ. ಯರಗುಪ್ಪಿಯ ಕಡೆಗೆ ಹೋಗುವ ಬಸ್ಸು ನಮ್ಮನ್ನು ರಸ್ತೆಗೆ ಇಳಿಸಿ ಹೋಗುತ್ತದೆ, ಒಳಗೆ ನಡೆಯಬೇಕು. ಟವರು ದೂರ. ಮಾತಾಡಲು ಸಾಕಾಗುತ್ತದೆ, ಮುಖ ನೋಡಲು ಸಾಲುವುದಿಲ್ಲ. ಮಾತಾಡಲು ಸಾಕಾದರೆ ಊರಿನ ಮಂದಿಗೆಲ್ಲ ಸಾಕು, ನನಗೊಬ್ಬಳಿಗೆ ಸಾಲದು.

ಆ ಶಿವನೇ ಒಂದು ದಾರಿ ಮಾಡಿಕೊಟ್ಟ. ಒಂದು ಸಂಸ್ಥೆಯವರು ಬಂದು, ಊರಿನವರೇ ನಡೆಸಿಕೊಳ್ಳುವ ನೆಟ್ ಹಾಕಿಕೊಡುತ್ತೇವೆ ಎಂದರು. ನೀರಿನ ಟಾಕಿಯ ಮೇಲೆ ಒಂದು ದೊಡ್ಡ ತಟ್ಟೆ ಕೂಡಿಸಿದರು. ಅಲ್ಲಿಂದ ತಂತಿಯಿಲ್ಲದೆ ನಿವೃತ್ತ ಮಾಸ್ತರರ ಮಾಳಿಗೆಗೆ, ಅವರ ಮಾಳಿಗೆಯಿಂದ ನಮ್ಮ ಓಣಿಯ ಮನೆಗಳಿಗೆ, ಮಾಳಿಗೆಗೊಂದು ಸಣ್ಣ ತಟ್ಟೆ. ಬಾವಿಯಿಂದ ಮನೆತನಕ ಸಾಲಾಗಿ ನಿಂತು ಕೊಡ ದಾಟಿಸಿದ ಹಾಗೆ ಒಂದು ಮನೆಯ ಪೆಟ್ಟಿಗೆ ಇನ್ನೊಂದಕ್ಕೆ ದಾಟಿಸುತ್ತದೆ. ನಡುವೆ ಒಬ್ಬರು ಕೈ ಬಿಟ್ಟರೆ ಮುಂದಿನವರಿಗೆಲ್ಲ ನೀರಿಲ್ಲ. ಓಣಿಯ ಕೊನೆಯ ಮನೆ ನಮ್ಮದು.

ನೆಟ್ಟಿನ ಉಸ್ತುವಾರಿಯನ್ನು ಹೆಣ್ಣುಮಕ್ಕಳ ಸಂಘಕ್ಕೆ ಒಪ್ಪಿಸಿದರು. ಸಂಘದ ಅಧ್ಯಕ್ಷರಿಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತರಬೇತಿ ಕೊಟ್ಟರು. ದಪ್ಪ ಹೆಂಗಸು, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ದನಿ. ಊರಲ್ಲಿ ಯಾರೂ ಅವರ ಹೆಸರು ಹಿಡಿಯುವುದಿಲ್ಲ, ಗಂಡನೂ ಅಧ್ಯಕ್ಷರೇ ಅಂತಲೇ ಕರೆಯುತ್ತಾನೆ. ತರಬೇತಿಯಿಂದ ಅವರು ತಂದದ್ದು ಮುಖ್ಯವಾಗಿ ಒಂದೇ ಮದ್ದು, ಸ್ವಿಚ್ಚನ್ನು ಒಮ್ಮೆ ಆರಿಸಿ ಮತ್ತೆ ಹಚ್ಚುವುದು.

"ತಂಗೀ, ತೆಗದ ಹಾಕಿಯೋ ಇಲ್ಲೋ? ಮೊದಲ ಸ್ವಿಚ್ ತೆಗದ ಹಾಕ. ಅದಕ್ಕೂ ಬಗ್ಗಲಿಲ್ಲಂದ್ರ ನನ್ನ ಕರಿ."

ಹಾಸಿಗೆ ಹಿಡಿದಿದ್ದ ನಮ್ಮ ಅತ್ತೆ ಮಲಗಿದಲ್ಲಿಂದಲೇ ಅನ್ನುತ್ತಿದ್ದರು: "ನನಗೂ ಹಂಗ ಒಮ್ಮೆ ತೆಗದ ಹಾಕ್ರೆವ್ವಾ, ಮೊಣಕಾಲ ಸರಿ ಆದ್ರ ಆಗಲಿ."

"ನಿಮ್ಮ ಸ್ವಿಚ್ಚ ಎಲ್ಲೈತಿ ಅನ್ನೂದು ಶಿವಗ ಒಬ್ಬಾವಗ ಗೊತ್ತ್ರಿ ಅತ್ತಿ," ಎನ್ನುತ್ತಿದ್ದರು ಅಧ್ಯಕ್ಷರು.

ನಮ್ಮ ಪೆಟ್ಟಿಗೆಯಲ್ಲಿ ಮೂರು ಹಸಿರು ದೀಪ ಒಂದರ ಕೆಳಗೊಂದು ಹತ್ತಿದರೆ ನೆಟ್ ಸರಿ ಇದೆಯೆಂದು ಅರ್ಥ. ಮಧ್ಯಾಹ್ನ ಅತ್ತೆಗೆ ಉಣಿಸಿ, ಪಾತ್ರೆ ಮಗುಚಿ, ಕೈ ಒರೆಸಿಕೊಂಡು ಆ ದೀಪ ನೋಡುವಾಗ ನನಗೆ ಹಣೆಯ ಮೇಲಿನ ವಿಭೂತಿ ಕಂಡ ಹಾಗಾಗುತ್ತಿತ್ತು. ಒಂದು ತಂಬಿಗೆಗೆ ಫೋನನ್ನು ಆನಿಸಿ ಇಡುತ್ತಿದ್ದೆ, ಏಕೆಂದರೆ ನಮ್ಮ ಮಾತಿಗೆ ಎರಡೂ ಕೈ ಬೇಕು. ಆಚೆ ಅಕ್ಕ ಬರಿಯ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ಹಿಂದೆ ಏನಾದರೂ ಇದ್ದರೆ ಕೈ ಸರಿಯಾಗಿ ಕಾಣುವುದಿಲ್ಲ, ಆ ಸುಣ್ಣದ ಗೋಡೆಯ ಮುಂದೆ ಅವಳ ಬೆರಳು ಬೆರಳೂ ಕಾಣುತ್ತಿತ್ತು. ದನಿಯನ್ನು ನಾನು ಪೂರ್ತಿ ತೆಗೆದುಬಿಡುತ್ತಿದ್ದೆ. ಹಾಗೆ ಮಾಡಿದರೆ ನೆಟ್ಟಿಗೆ ಭಾರ ಕಡಿಮೆಯಾಗುತ್ತದೆಂದು ಅಧ್ಯಕ್ಷರು ಹೇಳಿದ್ದರು, ಅತ್ತೆಯ ನಿದ್ದೆಗೂ ಒಳ್ಳೆಯದಾಗಿತ್ತು. ನಮ್ಮಿಬ್ಬರ ನಡುವೆ ದನಿಗೆ ಏನು ಕೆಲಸ? ಹೀಗೆ ನಾವು ಎರಡು ವರ್ಷ ದಿನಾ ಮಾತಾಡಿದೆವು. ನನ್ನ ಆಯುಷ್ಯದಲ್ಲಿ ದೇವರು ಕೊಟ್ಟದ್ದನ್ನು ಎಣಿಸುವಾಗ ಆ ಎರಡು ವರ್ಷಗಳನ್ನು ಮೊದಲು ಎಣಿಸುತ್ತೇನೆ.

ಹೋದ ಚಳಿಗಾಲದಲ್ಲಿ ಚಿತ್ರ ನಿಲ್ಲಲು ಶುರುವಾಯಿತು. ಅಕ್ಕ ಏನೋ ಹೇಳಲು ಕೈ ಎತ್ತುತ್ತಿದ್ದಳು, ಕೈ ಅರ್ಧಕ್ಕೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಚೂರು ಮೇಲೆ ಹೋಗುತ್ತಿತ್ತು. ಮೊದಲು ಮಳೆ ಸುರಿದ ಹಾಗೆ ಮಾತಾಡುತ್ತಿದ್ದವಳು ಈಗ ಸೋರುವ ನಲ್ಲಿಯಂತೆ ಒಂದೊಂದೇ ಹನಿ. ಮುಖವೂ ಹಾಗೇ, ನಾನು ನಕ್ಕರೆ ತಿರುಗಿ ನಗು ಬರುತ್ತಿರಲಿಲ್ಲ, ಅಚ್ಚು ಹಾಕಿದಂತೆ ಇರುತ್ತಿತ್ತು. ಬೇರೆಯವರ ಫೋನಿನಲ್ಲಿ ಚಿತ್ರ ನಿಂತರೆ ಹಲೋ ಹಲೋ ಎನ್ನುವ ದನಿಯಾದರೂ ಬರುತ್ತದೆ, ಆ ಮನುಷ್ಯ ಅಲ್ಲಿದ್ದಾನೆಂದು ಗೊತ್ತಾಗುತ್ತದೆ. ನಮ್ಮದು ದನಿಯಿಲ್ಲದ ಕರೆ. ಅಕ್ಕ ಕಲ್ಲಿನ ಹಾಗೆ ಕೂತಿರುತ್ತಿದ್ದಳು, ನಾನು ತಂಬಿಗೆಯ ಮುಂದೆ ಕೂತು ಕಾಯುತ್ತಿದ್ದೆ.

"ನೆಟ್ಟ ಸ್ಲೋ ಆಗೇತಿ," ಎಂದು ಅಧ್ಯಕ್ಷರಿಗೆ ಹೇಳಿದೆ.

"ತೆಗದ ಹಾಕಿ?"

"ಹಾಕೇನ್ರಿ."

"ಹಂಗಾದ್ರ ಮಾಳಗಿ ಹತ್ತೂಣು ನಡಿ."

ಅವರು ನಿಚ್ಚಣಿಕೆ ಹತ್ತುವಾಗ ಅದನ್ನು ನಾನೂ ನಮ್ಮನೆಯವರೂ ಇಬ್ಬರು ಹಿಡಿದುಕೊಳ್ಳಬೇಕಾಯಿತು. ಮೇಲೆ ಹೋಗಿ ತಟ್ಟೆಯನ್ನು ಸೆರಗಿನಿಂದ ಒರೆಸಿದರು, ಪಾರಿವಾಳದ ಹಿಕ್ಕೆ ಕೆರೆದು ತೆಗೆದರು, ಹಣೆಗೆ ಕೈ ಅಡ್ಡ ಹಿಡಿದು ಮಾಸ್ತರರ ಮನೆಯ ಕಡೆ ನೋಡಿದರು.

"ಅಲ್ನೋಡ. ಎದುರು ಮನಿ ಬಣವಿ ಅಡ್ಡ ಬಂದೈತಿ. ಈ ತಟ್ಟಿ ಆ ತಟ್ಟೀನ ನೋಡ್ಬೇಕು, ಅದು ಇದನ್ನ ನೋಡ್ಬೇಕು. ನಡುವ ಗುಡ್ಡ ನಿಂತಂಗ ನಿಂತೈತಿ ಬಣವಿ."

ಬಣವಿಯೆಂದರೆ ಜೋಳ ಮುರಿದ ಮೇಲೆ ಉಳಿದ ದಂಟನ್ನು, ಅಂದರೆ ಕಣಿಕೆಯನ್ನು, ದನಗಳಿಗೆಂದು ಒಟ್ಟಿ ಇಡುವ ರಾಶಿ. ಆ ವರ್ಷ ಜೋಳ ಚೆನ್ನಾಗಿ ಬಂದಿತ್ತು, ಬಣವಿ ಮಾಳಿಗೆಗಿಂತ ಎತ್ತರವಾಗಿತ್ತು.

"ಬೆಳಿ ಬಂದ್ರ ನೆಟ್ಟಿಲ್ಲ, ನೆಟ್ಟ ಬೇಕಂದ್ರ ಬೆಳಿ ಹೋಗಬೇಕು," ಎಂದರು ನಮ್ಮನೆಯವರು. "ಸರ್ಕಾರಕ್ಕ ಒಂದ ಅರ್ಜಿ ಬರದ ಕೇಳೂಣೇನು, ಯಾವದರ ಒಂದ ಕೊಡ್ರಿ ಅಂತ?"

ಬಣವಿ ಎದುರು ಮನೆಯ ಕಾಕಾನದು. ಅಜ್ಜನ ಕಾಲದಿಂದ ಇಲ್ಲಿಯೇ ಇರುವ ಮುಸಲ್ಮಾನರ ಮನೆ. ನಮ್ಮ ಹಬ್ಬಕ್ಕೆ ಅವರು, ಅವರ ಹಬ್ಬಕ್ಕೆ ನಾವು. ಕಾಕಾ ಹೊರಗೆ ಬಂದು ಕೆಳಗಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡರು.

"ಬೇಟಾ, ಬಣವಿ ಇಳಸಾಕ ಬರೂದಿಲ್ಲ. ದನಾ ತಿಂದ ತಗ್ಗ ಮಾಡೂತನಾ ನಿಮ್ಮ ಅಕ್ಕಾ ಸುಮ್ನ ಕುಂಡ್ರಬೇಕಾಗತೈತಿ. ನಿಂದರ್ರಿ, ನನ್ನ ಹತ್ರ ಒಂದ ಚೀಜ್ ಐತಿ."

ಒಳಗೆ ಹೋಗಿ ಅಟ್ಟದಿಂದ ಒಂದು ಉದ್ದನೆಯ ಕಬ್ಬಿಣದ ಪೈಪು ಎಳೆದು ತಂದರು. ಹಿಂದೆ ಟಿ.ವಿ.ಗೆ ಆಂಟೆನಾ ನಿಲ್ಲಿಸುತ್ತಿದ್ದ ಪೈಪು. ಊರಿಗೆಲ್ಲ ಅವರ ಮನೆಯಲ್ಲೇ ಮೊದಲ ಟಿ.ವಿ. ಬಂದದ್ದು, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿ ಕೂತು ನೋಡಿದ್ದೂ ಇದೆ. ಅದಕ್ಕೆ ನಮ್ಮ ತಟ್ಟೆಯನ್ನು ಕಟ್ಟಿ ಎತ್ತರಿಸಿದರು. ಓಣಿಯ ನಾಲ್ಕು ಮಂದಿ ಬಂದು ಹಗ್ಗ ಜಗ್ಗಿದರು. ಒಬ್ಬರು ಹೊಲಕ್ಕೆ ಹೊರಟವರು ಬುತ್ತಿಗಂಟು ಕೆಳಗಿಟ್ಟು ಬಂದಿದ್ದರು. ಮಾತು ಬಾರದ ನಮ್ಮ ಅಕ್ಕನಿಗಾಗಿ ಕೆಲಸ ಬಿಟ್ಟು ಬಂದರಲ್ಲ ಎಂದು ನನಗೆ ಕಣ್ಣು ತುಂಬಿತು. ಎಲ್ಲರಿಗೂ ಚುರುಮುರಿ, ಚಹಾ ಕೊಟ್ಟೆ.

ಮೂರೂ ದೀಪ ಹತ್ತಿದವು. ಚಿತ್ರ ಮೊದಲಿಗಿಂತ ತಿಳಿಯಾಯಿತು. ಅಕ್ಕ ಮಾತ್ರ ನಿಲ್ಲುತ್ತಲೇ ಇದ್ದಳು.

ಈಗ ತಪ್ಪು ಸೋಲಾಪುರದ ಕಡೆಯದು ಎಂದಾಯಿತು. ನಾನು ಮಾಮಾಗೆ ಬರಿಯ ಮಾತಿನ ಫೋನು ಮಾಡಿ, ಅಲ್ಲಿ ನೆಟ್ಟಿಗೆ ಏನಾಗಿದೆ ಎಂದು ಕೇಳಿದೆ. ಅಕ್ಕ ಹೇಗಿದ್ದಾಳೆ ಎಂದೂ ಕೇಳಿದೆ.

"ಕಾಹೀ ನಾಹೀ, ಆರಾಮ ಅದಾಳ. ಉಣತಾಳ, ಮಲಗತಾಳ. ಸ್ವಲ್ಪ ಸಾವಕಾಶ ಆಗ್ಯಾಳ, ಭಾಕರಿ ಬಡಿಯಾಕ ಹೊತ್ತ ಹಿಡಿತೈತಿ. ವಯಸ್ಸಾತಲ್ಲ. ನಾ ಏನ್ ಓಡಾಕತ್ತೇನಿ? ನೆಟ್ಟ ನಮ್ದ ಬರೋಬ್ಬರಿ ಐತಿ, ನಿಮ್ದ ನೋಡ್ಕೋರಿ."

ಹಾಗೆಂದವರನ್ನು ನಂಬಿದೆ. ನಂಬದೆ ಇನ್ನೇನು? ಅವರ ನೆಟ್ ಸರಿ ಇದ್ದರೆ ನಮ್ಮದೇ ಕೆಟ್ಟಿರಬೇಕು. ನೆಟ್ ಸುಧಾರಿಸಿದರೆ ಒಂದು ಸೋಮವಾರ ಬಸವಣ್ಣನ ಗುಡಿಯ ದೀಪಕ್ಕೆ ಎಣ್ಣೆ ನನ್ನದು ಎಂದು ಬೇಡಿಕೊಂಡೆ. ಅಧ್ಯಕ್ಷರಿಗೆ ಅದು ಗೊತ್ತಾಗಿ, "ನೆಟ್ಟಿಗೂ ಹರಕಿ ಹೊತ್ತಿಯೇನ್ ಬೇ? ನನ್ನ ಕೆಲಸ ಬಸವಣ್ಣಗ ಒಪ್ಪಿಸಿದಿ ಅಂದಂಗಾತು," ಎಂದು ಓಣಿಗೆಲ್ಲ ಕೇಳುವಂತೆ ನಕ್ಕರು.

ಅದಾದ ಮೇಲೆ ಒಂದು ದಿನ ಮೂರು ದೀಪಗಳಲ್ಲಿ ಒಂದೂ ಹಸಿರಿಲ್ಲ, ಕೆಳಗೆ ಒಂದು ಕೆಂಪು. ತೆಗೆದು ಹಾಕಿದೆ. ಕೆಂಪೇ. ಓಣಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಧ್ಯಕ್ಷರು ಟಾಕಿಯ ಹತ್ತಿರ ಹೋಗಿ ನೋಡಿ ಬಂದರು, ಅಲ್ಲಿ ಎಲ್ಲ ಸರಿ ಇತ್ತು. ಹಾಗಾದರೆ ನಡುವಿನದು, ಮಾಸ್ತರರ ಮನೆಯದು. ಹಿಂದಿನ ದಿನವೇ ಮಾಸ್ತರರು ತೀರಿಕೊಂಡಿದ್ದರು.

ಮರುದಿನ ಅಧ್ಯಕ್ಷರೂ ನಾನೂ ರೊಟ್ಟಿ, ಝುಣಕ ಕಟ್ಟಿಕೊಂಡು ಅವರ ಮನೆಗೆ ಹೋದೆವು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಸುತ್ತಲಿನವರೇ ಉಣಿಸಬೇಕು. ಮಾಸ್ತರರ ಹೆಂಡತಿ ನಡುಮನೆಯಲ್ಲಿ ಗೋಡೆಗೆ ಆನಿ ಕೂತಿದ್ದರು. ಟಿ.ವಿ.ಯ ಮೇಲೆ ಒಂದು ಪಂಚೆ ಹೊದಿಸಿತ್ತು. ಅದರ ಪಕ್ಕದ ಕಪಾಟಿನಲ್ಲಿ ನೆಟ್ಟಿನ ಪೆಟ್ಟಿಗೆ, ಅದರ ಮೇಲೂ ಒಂದು ಬಿಳಿ ಅರಿವೆ. ಪಿನ್ನನ್ನು ಬೋರ್ಡಿನಿಂದ ಕಿತ್ತು, ವಯರನ್ನು ನೀಟಾಗಿ ಸುತ್ತಿ ಇಟ್ಟಿದ್ದರು.

ನಮ್ಮವರಲ್ಲಿ ಸೂತಕ ಹಿಡಿಯಬಾರದು ಎಂದು ಸ್ವಾಮಿಗಳು ಹೇಳುತ್ತಾರೆ, ನಾವೂ ಹೌದು ಎನ್ನುತ್ತೇವೆ. ಆದರೂ ಸತ್ತ ಮನೆಯಲ್ಲಿ ಯಾರೂ ಟಿ.ವಿ. ಹಚ್ಚುವುದಿಲ್ಲ. ಹಾಡು, ಆಟ, ನಗು ಬರುವ ಯಾವುದನ್ನೂ ಹಚ್ಚುವುದಿಲ್ಲ. ಅವರ ಮನೆಯ ಮಂದಿಗೆ ಆ ಪೆಟ್ಟಿಗೆಯೂ ಟಿ.ವಿ.ಯ ಜಾತಿಯದೇ. ಅದನ್ನು ಹಚ್ಚಿಕೊಂಡು ಕೂತರೆ ಊರು ಏನಂದೀತು? ಅವರು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ನಾನೇ ಅವರ ಜಾಗದಲ್ಲಿದ್ದರೂ ಕೀಳುತ್ತಿದ್ದೆ.

ಅಧ್ಯಕ್ಷರು ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಬೋರ್ಡು ನನ್ನ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಮಾಸ್ತರರ ಹೆಂಡತಿ ಅವರ ಕೊನೆಯ ಹೊತ್ತಿನ ಮಾತು ಹೇಳುತ್ತಿದ್ದರು, ಅಂಬಲಿ ಬೇಡಿದ್ದು, ಕುಡಿಯದೆ ಬಟ್ಟಲನ್ನು ಹಿಂದೆ ಸರಿಸಿದ್ದು. ನಾನು ಅವರ ಕೈ ಹಿಡಿದುಕೊಂಡು ಕೇಳಿದೆ. ಸತ್ತ ಮನೆಯಿಂದ ಏಳುವಾಗ ಹೋಗಿ ಬರ್ತೇನಿ ಅನ್ನಬಾರದು. ಏನೂ ಅನ್ನದೆ ಎದ್ದು ಬಂದೆವು.

"ಕೇಳಾಕ ಬಾಯಿ ಬರಲಿಲ್ಲ ತಂಗೀ," ಎಂದರು ಅಧ್ಯಕ್ಷರು ದಾರಿಯಲ್ಲಿ.

"ನನಗೂ ಬರಲಿಲ್ರಿ."

"ತರಬೇತಿಯಾಗ ಇದನ್ನ ಹೇಳಿಕೊಡಲಿಲ್ಲ ಅವ್ರು."

ಓಣಿಯವರು ಯಾರೂ ಗೊಣಗಲಿಲ್ಲ. ಎಲ್ಲರಿಗೂ ಕಾರಣ ಗೊತ್ತಿತ್ತು. ನಾನು ದಿನಾ ಮಧ್ಯಾಹ್ನ ಆ ಕೆಂಪು ದೀಪದ ಮುಂದೆ ಕೂರುತ್ತಿದ್ದೆ. ಅಕ್ಕ ಅಲ್ಲಿ ಫೋನು ಹಿಡಿದು ಕಾಯುತ್ತಿರುತ್ತಾಳೆ, ತಂಗಿ ಏಕೆ ಬರಲಿಲ್ಲವೆಂದು ಅವಳಿಗೆ ಯಾರು ತಿಳಿಸಬೇಕು? ಮಾಸ್ತರರು ಸತ್ತರೆಂಬುದನ್ನು ಮಾಮಾ ಯಾವ ಕೈಯಿಂದ ಹೇಳುತ್ತಾರೆ? ಆ ದಿನಗಳಲ್ಲಿ ನನಗೆ ಒಂದು ಸಮಾಧಾನವಿತ್ತು. ಪೈಪು ಎತ್ತರವಾಗಿದೆ, ಬಣವಿಯನ್ನೂ ದನ ಅರ್ಧ ತಿಂದಿವೆ, ಇನ್ನು ಆ ಪಿನ್ನೊಂದು ಬೋರ್ಡಿಗೆ ಹೋದರೆ ಅಕ್ಕ ಮೊದಲಿನ ಹಾಗೆ ಮಾತಾಡುತ್ತಾಳೆ. ಹೀಗೆಂದು ಎಷ್ಟು ಗಟ್ಟಿಯಾಗಿ ನಂಬಿದ್ದೆನೆಂದರೆ, ಅವಳಿಗೆ ಹೇಳಬೇಕಾದ್ದನ್ನೆಲ್ಲ ಪಾತ್ರೆ ತಿಕ್ಕುತ್ತ ಕೂಡಿಟ್ಟುಕೊಳ್ಳುತ್ತಿದ್ದೆ.

ದಿನಕರ್ಮ ಮುಗಿದ ಮೇಲೆ ಮಾಸ್ತರರ ಹೆಂಡತಿ ಗುಡಿಗೆ ಬಂದವರು ನನ್ನನ್ನು ಕಂಡು ತಾವೇ ಕೇಳಿದರು:

"ನಿಮ್ಮಕ್ಕ ಹೆಂಗದಾಳ ಬೇ? ಫೋನಿನ್ಯಾಗ ಸಿಗತಾಳಿಲ್ಲೋ?"

ನನ್ನ ಕಣ್ಣು ಅವರ ಮಾಳಿಗೆಯ ಕಡೆ ಹೋಯಿತು. ಅವರಿಗೆ ಅಲ್ಲಿಯೇ ಹೊಳೆಯಿತು.

"ಅಯ್ಯ ನನ್ನವ್ವ. ಪೆಟಗಿ ನಮ್ಮನಿಯಾಗ ಬಂದಾತಲ್ಲ. ಇಷ್ಟ ದಿನಾ ಬಾಯಿ ಬಿಟ್ಟ ಹೇಳಬಾರದೇನ? ಅವರಿದ್ದಿದ್ರ ನನಗ ಬೈತಿದ್ರು. ನಡಿ, ನೀನ ಬಂದು ಹಚ್ಚ."

ನಾನೇ ಹೋಗಿ ಹಚ್ಚಿದೆ. ಅರಿವೆಯನ್ನು ಅವರೇ ಮಡಚಿ ಒಳಗಿಟ್ಟರು.

ಮನೆಗೆ ಬಂದರೆ ಮೂರು ದೀಪ. ಕೈಕಾಲು ತೊಳೆದು, ಒಂದು ಊದುಬತ್ತಿ ಹಚ್ಚಿ, ಕರೆ ಮಾಡಿದೆ. ಯುಗಾದಿ ಹತ್ತಿರ ಬಂದಿತ್ತು, ಆಚೆ ಮಾಮಾ ಒಳಗಿನ ಗೋಡೆಗಳಿಗೆ ಸುಣ್ಣ ಹಚ್ಚಿಸುತ್ತಿದ್ದರು. ಅದಕ್ಕೆ ಅಕ್ಕನನ್ನು ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕೂಡಿಸಿದ್ದರು. ಚಿತ್ರ ಎಷ್ಟು ತಿಳಿಯಾಗಿತ್ತೆಂದರೆ ಅವಳ ಕೊರಳ ಸರದ ಗುಂಡು ಎಣಿಸಬಹುದಿತ್ತು.

ಅವಳು ನನ್ನನ್ನು ನೋಡಿದಳು. ಬಲಗೈ ಎತ್ತಿದಳು. ನನ್ನ ಹೆಸರು ಹೇಳಲು ಹೊರಟಿದ್ದಾಳೆಂದು ಗೊತ್ತಾಯಿತು, ನಾನೂ ನಗುತ್ತ ಕಿವಿ ಜಗ್ಗಿದೆ. ಅವಳ ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು.

ನಿಂತಿತು ಮತ್ತೆ ನೆಟ್ಟು, ಅಂದುಕೊಂಡೆ.

ಆಗ ಅವಳ ಹಿಂದಿನಿಂದ ಒಂದು ಆಡು ನಡೆದು ಹೋಯಿತು. ನಡೆದು ಹೋಗಿ, ತಿರುಗಿ ಬಂದು, ಅವಳ ಸೆರಗನ್ನು ಮೂಸಿತು. ಬೇವಿನ ಹೂವು ಉದುರುತ್ತಿತ್ತು. ಒಂದು ಹೂವು ಅವಳ ತೋಳಿನ ಮೇಲೆ ಬಿದ್ದು ಕೆಳಗೆ ಜಾರಿತು. ಹಿಂದೆ ಒಬ್ಬ ಆಳು ಸುಣ್ಣದ ಬಕೀಟು ಹಿಡಿದು ಒಳಗೆ ಹೋದ. ಎಲ್ಲವೂ ನಡೆಯುತ್ತಿತ್ತು. ಅಕ್ಕನ ಕೈಯೊಂದೇ ಎದೆಯ ಮುಂದೆ ನಿಂತಿತ್ತು. ಅವಳ ಕಣ್ಣುಗಳು ಮಾತ್ರ ಆ ಕೈಯನ್ನು ನೋಡುತ್ತಿದ್ದವು, ಬೇರೆ ಯಾರದೋ ಕೈಯನ್ನು ನೋಡಿದ ಹಾಗೆ.

ನಾನು ದನಿ ಹಚ್ಚಿದೆ. ಕೋಳಿ ಕೂಗುವುದು ಕೇಳಿಸಿತು, ಯಾರೋ ಮರಾಠಿಯಲ್ಲಿ ಏನೋ ಅನ್ನುವುದು ಕೇಳಿಸಿತು. ಮಾಮಾ, ಮಾಮಾ ಎಂದು ಕೂಗಿದೆ. ಅವರು ಬಂದು ಫೋನು ಎತ್ತಿಕೊಂಡರು.

"ಮಾಮಾ, ಅಕ್ಕನ ಕೈ ಹಿಡದ ನೋಡ್ರಿ. ಬಿಗಿ ಐತೇನ?"

ಅವರು ಅವಳ ಪಕ್ಕಕ್ಕೆ ಕೂತು ಮೊಣಕೈ ಮಡಚಿ ನೋಡಿದರು, ಬೆರಳು ಬಿಡಿಸಿ ನೋಡಿದರು.

"ಸೆಟದ ಕಟಗಿ ಆದಂಗ ಆಗೇತಿ," ಎಂದರು. "ನಾ ವಯಸ್ಸ ಅಂದಿದ್ದೆ."

ಸೋಲಾಪುರದ ದೊಡ್ಡ ಡಾಕ್ಟರು ಅದನ್ನು ಪಾರ್ಕಿನ್ಸನ್ ಎಂದರು. ಎಲ್ಲರಿಗೂ ನಡುಕವೇ ಬರಬೇಕೆಂದಿಲ್ಲವಂತೆ, ಕೆಲವರಿಗೆ ಹೀಗೆ ಬಿಗಿದುಕೊಂಡು ನಿಧಾನವಾಗಿ ಬರುತ್ತದಂತೆ. ಮುಖದ ನರವೂ ಬಿಗಿದು ನಗು, ಅಳು ಕಾಣದಂತಾಗುತ್ತದಂತೆ. ಗುಳಿಗೆ ಕೆಲವರಿಗೆ ಚೆನ್ನಾಗಿ ಹತ್ತುತ್ತದೆ, ಇವರಿಗೆ ಅಷ್ಟಾಗಿ ಹತ್ತುತ್ತಿಲ್ಲ, ನೋಡೋಣ ಎಂದರು. ಮಾತು ಹೇಗೂ ಇಲ್ಲದವರು, ಆ ಒಂದು ತ್ರಾಸು ಇಲ್ಲ ಎಂದೂ ಅಂದರಂತೆ. ಮಾಮಾ ಅದನ್ನು ಸಮಾಧಾನದ ಮಾತೆಂದೇ ನನಗೆ ಹೇಳಿದರು. ನಾನು ಹೂಂ ಎಂದೆ.

ಅತ್ತೆಯನ್ನು ಎದುರು ಮನೆಯ ಕಾಕಾನ ಹೆಂಡತಿಗೆ ಒಪ್ಪಿಸಿ, ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಒಮ್ಮೆ ಹೋಗಿ ಬಂದೆ. ಅವಳ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಬೆರಳುಗಳನ್ನು ನಾನೇ ಹಿಡಿದು ಒಂದೊಂದು ಮಾತಿನ ಆಕಾರಕ್ಕೆ ಮಡಚಿ ಕೊಟ್ಟೆ, ರೊಟ್ಟಿ, ಅವ್ವ, ಮಳೆ. ಬಿಟ್ಟ ಕೂಡಲೇ ಅವು ಹಾಗೆಯೇ ನಿಲ್ಲುತ್ತಿದ್ದವು, ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ. ದೇವರು ಎಂಬ ಮಾತೊಂದು ಬಂತು. ಅದಕ್ಕೆ ಅಂಗೈ ಎದೆಯ ಮುಂದೆ ಇದ್ದರೆ ಸಾಕು, ಅಲುಗಿಸಬೇಕಾಗಿಲ್ಲ. ಬಂತು ಎನ್ನುತ್ತೇನೆ. ಅವಳು ಅದನ್ನು ಹೇಳಿದಳೋ, ಕೈ ಸುಮ್ಮನೆ ಅಲ್ಲಿ ನಿಂತಿತ್ತೋ, ನಾನು ಆಣೆ ಮಾಡಿ ಹೇಳಲಾರೆ.

ಊರಿಗೆ ಬಂದ ಮೇಲೆ ಎಲ್ಲರೂ ಕೇಳುತ್ತಾರೆ. ಹಗ್ಗ ಜಗ್ಗಿದವರು, ಪೈಪು ಕೊಟ್ಟವರು, ಪಿನ್ನು ಹಚ್ಚೆಂದವರು. "ನೆಟ್ಟ ಹೆಂಗೈತಿ? ಅಕ್ಕ ಸಿಗತಾಳ?" ನೆಟ್ ಚೆನ್ನಾಗಿದೆ. ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ. "ಅಗದಿ ಚಲೋ ಐತ್ರಿ, ನಿಮ್ಮ ಪುಣ್ಯಾ," ಎನ್ನುತ್ತೇನೆ. ಅದು ಸುಳ್ಳಲ್ಲ. ಅಕ್ಕನ ಸಂಗತಿ ಗೊತ್ತಿದ್ದವರೂ ಅಷ್ಟೇ ಕೇಳಿ ಮುಂದೆ ಹೋಗುತ್ತಾರೆ. ಹರಕೆಯ ಎಣ್ಣೆಯನ್ನೂ ಗುಡಿಗೆ ಕೊಟ್ಟು ಬಂದೆ. ನೆಟ್ ಸುಧಾರಿಸಲೆಂದು ಬೇಡಿದ್ದೆ, ನೆಟ್ ಸುಧಾರಿಸಿತು. ಬಸವಣ್ಣನ ಮೇಲೆ ಏನು ತಕರಾರು ಹೇಳಲಿ?

ಈಗಲೂ ಮಧ್ಯಾಹ್ನ ಕರೆ ಮಾಡುತ್ತೇನೆ. ನಾನು ಮಾತಾಡುತ್ತೇನೆ, ಅವಳು ನೋಡುತ್ತಾಳೆ. ಅತ್ತೆ ಇವತ್ತು ಎರಡು ತುತ್ತು ಹೆಚ್ಚು ಉಂಡರು, ಕಾಕಾನ ಎಮ್ಮೆ ಕರು ಹಾಕಿತು, ಗೋವಿನಜೋಳಕ್ಕೆ ಹುಳ ಬಿದ್ದಿದೆ, ಇಂಥವೇ. ಮೊದಲು ನಾನು ಒಂದು ಹೇಳಿದರೆ ಅವಳು ಮೂರು ಹೇಳುತ್ತಿದ್ದಳು. ಈಗ ಹೇಳುವುದು ಬೇಗ ಮುಗಿದುಹೋಗುತ್ತದೆ. ನನ್ನ ಕೈಗೂ ಕೆಲವು ಮಾತು ಕೂಡಲೇ ಬರುವುದಿಲ್ಲ, ಅದು ಹೇಗಿತ್ತೆಂದು ನಿಂತು ನೆನೆಯಬೇಕಾಗುತ್ತದೆ. ತಪ್ಪಿದರೆ ತಿದ್ದುವವರಿಲ್ಲ. ಅವಳಿಗೆ ನೋವಿದೆಯೇ, ಹಸಿವೆಯೇ, ನನ್ನ ಮೇಲೆ ಸಿಟ್ಟೇ, ಆ ಮುಖದಲ್ಲಿ ಏನೂ ಬರೆದಿರುವುದಿಲ್ಲ. ಕಣ್ಣು ತೆರೆದು ನನ್ನ ಕಡೆ ನೋಡುತ್ತಾಳಲ್ಲ, ಅಷ್ಟನ್ನು ಉಳಿಸು ಎಂದು ಶಿವನನ್ನು ಕೇಳುತ್ತೇನೆ. ಅದಕ್ಕಿಂತ ಹೆಚ್ಚಿನದನ್ನು ಕೇಳುವುದು ಬಿಟ್ಟಿದ್ದೇನೆ.

ಒಂದು ಹೊಸದು ಆಗಿದೆ. ಮಾಮಾ ಈಗ ಕರೆ ಮುಗಿಯುವ ತನಕ ಅವಳ ಪಕ್ಕದಲ್ಲಿ ಕೂರುತ್ತಾರೆ. ಮೊದಮೊದಲು ಫೋನು ಹಿಡಿಯಲೆಂದು ಕೂತರು, ಆಮೇಲೆ ನನ್ನ ಕೈ ನೋಡತೊಡಗಿದರು. "ನೀರ ಬೇಕೇನ ಅಂತ ಹೆಂಗ ಕೇಳೂದು?" ಎಂದರು ಒಂದು ದಿನ. ತೋರಿಸಿದೆ. ನೇಗಿಲು ಹಿಡಿದ ಬೆರಳು, ದಪ್ಪ, ಸರಿಯಾಗಿ ಮಡಚುವುದಿಲ್ಲ.

"ಮಾಮಾ, ಅದು ನೀರಲ್ಲ. ನೀವು ಉಪ್ಪ ಬೇಕೇನ ಅಂತ ಕೇಳಾಕತ್ತೀರಿ."

"ಇಷ್ಟ ವರ್ಷಾ ಉಪ್ಪ ತಿಂದೇನಲ್ಲ ಆಕಿ ಕೈದು, ಕೇಳಿದ್ರ ಏನಾತು?"

ಹೀಗೆ ಕೆಲವು ಕಲಿತಿದ್ದಾರೆ. ಚಳಿ, ನೋವು, ಸಾಕು, ಹೊರಗೆ ಕೂರುತ್ತೀಯಾ. ಅವರು ಕೇಳುತ್ತಾರೆ, ಉತ್ತರ ಬರುವುದಿಲ್ಲ. ಅಂದಾಜಿನ ಮೇಲೆ ನೀರು ಕುಡಿಸುತ್ತಾರೆ, ಅಂದಾಜಿನ ಮೇಲೆ ಚಾದರ ಹೊದಿಸುತ್ತಾರೆ.

ಮೊನ್ನೆ ನನ್ನ ಮಾತೆಲ್ಲ ಮುಗಿದ ಮೇಲೆ, ಕರೆ ಕಡಿಯುವ ಮುಂಚೆ ಅವರು ಕೇಳಿದರು:

"ನನಗ ಏನಂತಿದ್ಲು?"

"ಏನ್ರಿ ಮಾಮಾ?"

"ನಿನ್ನ ಮುಂದ ನನ್ನ ಮಾತ ಹೇಳೂವಾಗ ನನಗ ಏನಂತಿದ್ಲು? ಏನರ ಇರಬೇಕಲ್ಲ ನನಗೊಂದು."

ಇತ್ತು. ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗ ಮಾಮಾ ರಣಗುಡುವ ಬಿಸಿಲಲ್ಲಿ ಒಂದು ಕರಿ ಕೊಡೆ ಹಿಡಿದು ಬಂದಿದ್ದರು. ಅಂದಿನಿಂದ ಅವಳಿಗೆ ಅವರು ಕೊಡೆ. ಒಂದು ಮುಷ್ಟಿಯನ್ನು ತಲೆಯ ಮೇಲೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅದರ ಸುತ್ತ ಅರಳಿಸುವುದು. ಅವರ ಮೇಲೆ ಸಿಟ್ಟು ಬಂದ ದಿನ ಅರಳಿಸದೆ ಮಡಚಿಯೇ ತೋರಿಸುತ್ತಿದ್ದಳು. ಅದನ್ನೂ ಹೇಳಿದೆ.

ಅವರಿಗೆ ನಗು ಬಂತು. ಫೋನನ್ನು ಕಿಟಕಿಗೆ ಆನಿಸಿ ಇಟ್ಟು, ಅಕ್ಕನ ಎದುರಿಗೆ ಹೋಗಿ ಕೂತರು. ಮುಷ್ಟಿಯನ್ನು ತಲೆಯ ಮೇಲೆ ಹಿಡಿದು, ಆ ದಪ್ಪ ಬೆರಳುಗಳನ್ನು ಮೆಲ್ಲಗೆ ಅರಳಿಸಿದರು. ಆಮೇಲೆ ತಮ್ಮ ಎದೆಯನ್ನು ಮುಟ್ಟಿ ತೋರಿಸಿದರು.

ಅಕ್ಕ ನೋಡಿದಳು. ಅವಳಿಗೆ ತಿಳಿಯಿತೋ ಇಲ್ಲವೋ, ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಅವರು ಮತ್ತೊಮ್ಮೆ ಕೊಡೆ ಬಿಚ್ಚಿದರು.